ಒಪ್ಪಿದ ಕಲ್ಲು, ಆಗಿಬಾರದ ಕಲ್ಲು

ನಾನು ಒಂದು ನೀಲಿ ಕಲ್ಲು. ನೀಲ ಅಲ್ಲ. ಇಷ್ಟನ್ನು ಒಬ್ಬನು ಬಾಯಿಬಿಟ್ಟು ಹೇಳಿದ್ದರೆ ಒಬ್ಬ ಹೆಂಗಸಿನ ಬಾಳು ಉಳಿಯುತ್ತಿತ್ತು. ಅವನು ಹೇಳಲಿಲ್ಲ. ನನಗೆ ನಾಲಿಗೆಯಿಲ್ಲ.

ನಾನು ಹುಟ್ಟಿದ್ದು ತಮಿಳು ಸೀಮೆಯ ಒಂದು ಬಂಜರು ನೆಲದಡಿಯ ಬಂಡೆಯಲ್ಲಿ. ಬಾವಿ ತೋಡುವವರ ಹಾರೆ ತಗುಲಿ ಹೊರಗೆ ಬಂದೆ. ಸಾಣೆ ಹಿಡಿಯುವವನು ಒಂದೇ ತುಂಡಿನಿಂದ ನನ್ನನ್ನೂ ನನ್ನ ಜೊತೆಯದನ್ನೂ ಕೊಯ್ದ. ನನ್ನದೊಂದು ಗುಣವಿದೆ. ಮೇಲಿನಿಂದ ನೋಡಿದರೆ ನಾನು ಕಡು ನೀಲಿ. ಪಕ್ಕಕ್ಕೆ ಹೊರಳಿಸಿದರೆ ನೀಲಿ ಹೋಗಿ ಒಣಹುಲ್ಲಿನ ಬಣ್ಣ. ಶನಿಯ ಕಲ್ಲು ಎಂದು ಜನ ಹೆದರುವ ನೀಲ ಹೀಗೆ ಬಣ್ಣ ಬಿಟ್ಟುಕೊಡುವುದಿಲ್ಲ. ನನ್ನನ್ನು ಗುರುತಿಸಲು ಪಂಚಾಂಗ ಬೇಡ, ಎರಡು ಬೆರಳು ಸಾಕು.

ಕಾಗದದ ಪೊಟ್ಟಣದಲ್ಲಿ ಕೊಳ್ಳೇಗಾಲದ ಮರಿಯಾಚಾರಿಯ ಅಂಗಡಿಗೆ ಬಂದೆವು. ಅಲ್ಲಿಗೆ ಒಂದು ದಿನ ಗೌರಮ್ಮಣ್ಣಿ ಎಂಬ ಹೊಸ ಸೊಸೆ ಓಲೆ ಮಾಡಿಸಲು ಅತ್ತೆ ಪುಟ್ಟಮಲ್ಲಮ್ಮನ ಜೊತೆ ಬಂದಳು. ಹುಡುಗಿ ಎಣ್ಣೆಗಪ್ಪು. ಆಚಾರಿ ಕೆಂಪು ಕಲ್ಲು ತೋರಿಸಿದ.

"ಕೆಂಪು ಬ್ಯಾಡ ಕಣಪ್ಪ," ಎಂದಳು ಅತ್ತೆ. "ಇವ್ಳ ಬಣ್ಣಕ್ಕ ಕೆಂಪು ಇಕ್ಕುದ್ರ ಬಾಂಡ್ಲಿ ತಳಕ್ಕ ಕೆಂಡ ಇಟ್ಟಂಗಾಯ್ತದ."

"ಹಸಿರು?"

"ಗಿಣಿ ಕೂತಂಗಾಯ್ತದ."

ಆಚಾರಿ ನಕ್ಕ. ಗೌರಮ್ಮಣ್ಣಿಯೂ ನಕ್ಕಳು, ನಗದಿದ್ದರೆ ಇನ್ನೊಂದು ಮಾತು ಬರುತ್ತದೆಂದು. ಚಿಕ್ಕಂದಿನಿಂದ ಆ ಹುಡುಗಿ ಕೇಳಿದ್ದೇ ಅದು: ಈ ಬಣ್ಣ ನಿನಗೆ ಒಪ್ಪುವುದಿಲ್ಲ, ಆ ಬಣ್ಣ ನಿನಗಲ್ಲ. ಅವಳು ತಾನೇ ಪೊಟ್ಟಣ ಬಿಚ್ಚಿ ನನ್ನನ್ನು ಕಿವಿಯ ಹತ್ತಿರ ಹಿಡಿದು ಕನ್ನಡಿ ನೋಡಿದಳು. ನಾನೂ ನೋಡಿದೆ. ಆ ಮೈಬಣ್ಣದ ಪಕ್ಕದಲ್ಲಿ ನಾನು ಹೊಳೆದಷ್ಟು ಯಾವ ಬೆಳ್ಳಗಿನವಳ ಪಕ್ಕದಲ್ಲೂ ಹೊಳೆಯಲಾರೆ.

"ಇದು ಒಪ್ತದ," ಎಂದಳು ಮೆಲ್ಲಗೆ.

ಅತ್ತೆಗೂ ಇಲ್ಲ ಎನ್ನಲಾಗಲಿಲ್ಲ. "ಏನ್ ಕಲ್ಲಿದು, ಆಚಾರ್ರೇ?"

"ನೀಲ ಕಣವ್ವ. ಅಪರೂಪದ್ದು," ಎಂದ ಮರಿಯಾಚಾರಿ. ಅವನಿಗೆ ಗೊತ್ತಿತ್ತು. ಬರೀ ನೀಲಿ ಕಲ್ಲು ಎಂದರೆ ಗಿರಾಕಿಯ ಮುಖ ಸಪ್ಪಗಾಗುತ್ತದೆ, ಅಷ್ಟಕ್ಕೆ ಹೇಳಿದ ಸುಳ್ಳು.

"ನೀಲ ಒಪ್ಪುದ್ರ ಸಾಲ್ದು, ಆಗ್ಬರ್ಬೇಕು," ಎಂದಳು ಅತ್ತೆ.

ಈ ಎರಡು ಮಾತುಗಳ ನಡುವೆ ನನ್ನ ಬಾಳೆಲ್ಲ ಕಳೆಯಿತು. ಒಪ್ಪುವುದನ್ನು ಕನ್ನಡಿ ಹೇಳುತ್ತದೆ. ಆಗಿಬರುವುದನ್ನು ಹೇಳುವುದು ಭಯ. ಅದಕ್ಕೆ ಕನ್ನಡಿ ಇಲ್ಲ.

ಪದ್ಧತಿಯಂತೆ ನಮ್ಮಿಬ್ಬರನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಗೌರಮ್ಮಣ್ಣಿಯ ದಿಂಬಿನ ಕೆಳಗೆ ಇಟ್ಟರು. ಕೆಟ್ಟ ಕನಸು ಬಿದ್ದರೆ ಕಲ್ಲು ವಾಪಸು. ಬೆಳಿಗ್ಗೆ ಅತ್ತೆ ಕೇಳಿದಳು. "ಹಿಪ್ಪುನೇರ್ಲ ತೋಟ್ದಲ್ಲಿ ನೀರು ಹರೀತಿತ್ತು ಕಣತ್ತ," ಎಂದಳು ಸೊಸೆ. ಅವಳಿಗೆ ಕನಸೇ ಬಿದ್ದಿರಲಿಲ್ಲ. ನಮ್ಮನ್ನು ಕೊಟ್ಟುಬಿಡಬೇಕಾದೀತೆಂದು ಕಣ್ಣು ಮುಚ್ಚದೆ ಮಲಗಿದ್ದಳು.

ಆಚಾರಿ ನಮ್ಮನ್ನು ಹಿಂದೆ, ಪಕ್ಕ ಎಲ್ಲ ಮುಚ್ಚಿದ ಚಿನ್ನದ ಗೂಡಿನಲ್ಲಿ ಕೂರಿಸಿದ. ಆಮೇಲೆ ಯಾರಿಗೂ ನನ್ನ ಪಕ್ಕ ಕಾಣುವಂತಿರಲಿಲ್ಲ. ಅವಳ ಗಂಡ ಗುರುಮಲ್ಲು ರೇಷ್ಮೆಗೂಡು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಓಲೆ ನೋಡಿ, "ಹೊಳ ನೀರು ಕಿವಿಗ ಬಂದು ಕೂತದಲ್ಲ," ಎಂದು ಬೆರಳಿನಿಂದ ನನ್ನನ್ನು ತಟ್ಟಿದ. ನಾನು ಕಂಡ ಸುಖ ಅಷ್ಟೆ.

ಮಳೆಗಾಲ ಮುಗಿಯುವ ಮೊದಲೇ ಟೆಂಪೊ ಘಾಟಿಯ ತಿರುವಿನಲ್ಲಿ ಮಗುಚಿತು. ಸವೆದ ಟೈರು, ಕೆಸರು ರಸ್ತೆ. ಗುರುಮಲ್ಲುವಿನ ಒಂದು ಕಾಲು ಹೋಯಿತು. ಟೈರನ್ನು ಯಾರೂ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಅವನು ಹೆಂಡತಿಯ ಕಿವಿ ನೋಡಿ, "ತಗಿ ಅದ," ಎಂದು ಗೋಡೆಯ ಕಡೆ ತಿರುಗಿದ. ಪುಟ್ಟಮಲ್ಲಮ್ಮ ಸೊಸೆಯನ್ನು ಮನೆಯ ಹೊಸ್ತಿಲಾಚೆಯೇ ನಿಲ್ಲಿಸಿದಳು.

"ನೀಲ ಆಗ್ಬರ್ದೋಳು ನನ್ ಮನೇಲಿ ಬ್ಯಾಡ. ಆಚಾರಿ ಬಾಯಲ್ಲಿ ಅದು ನೀಲ ಅಲ್ಲ ಅನ್ನುಸ್ಕೊಂಡು ಬಾ, ಹೊಸ್ಲು ದಾಟು. ಇಲ್ದಿದ್ರ ತೌರಿಗ ನಡಿ."

ಗೌರಮ್ಮಣ್ಣಿ ಅಂಗಡಿಗೆ ಬಂದಳು. ಒಳಗೆ ಯಾರದೋ ಮದುವೆಯ ಒಡವೆ ನೋಡುತ್ತ ಒಂದು ಮನೆಯವರೆಲ್ಲ ಕೂತಿದ್ದರು. ಅವಳು ಸೆರಗಿನ ಗಂಟಿನಿಂದ ಓಲೆ ಬಿಚ್ಚಿ ಕೊಟ್ಟಳು. "ಬಿಚ್ಚಿ ನೋಡಿ ಹೇಳಿ, ಆಚಾರ್ರೇ. ಇದು ನೀಲವೇನಾ?"

ಆಚಾರಿ ಚಿಮಟ ಹಾಕಿ ನಮ್ಮನ್ನು ಗೂಡಿನಿಂದ ಎಬ್ಬಿಸಿದ. ನನ್ನ ಜೊತೆಯದು ಒಡೆದು ಎರಡಾಯಿತು. ನನ್ನನ್ನು ಬೆಳಕಿಗೆ ಹಿಡಿದು ಪಕ್ಕಕ್ಕೆ ಹೊರಳಿಸಿದ. ನನ್ನಲ್ಲಿದ್ದ ಬಣ್ಣವನ್ನೆಲ್ಲ ತೋರಿಸಿದೆ. ಒಣಹುಲ್ಲು. ಅವನು ನೋಡಿದ. ಮದುವೆ ಮನೆಯವರು ಅವನನ್ನೇ ನೋಡುತ್ತಿದ್ದರು.

"ನೀಲನೇ ಕಣವ್ವ. ಈ ಅಂಗಡೀಲಿ ಸುಳ್ಳು ಕಲ್ಲು ಮಾರಾದಿಲ್ಲ."

ಥೂ. ಅವನ ಬೆರಳಲ್ಲೇ ನಾನು ಸಿಡಿದು ಚೂರಾಗಿದ್ದರೆ ಚೆನ್ನಾಗಿತ್ತು.

ಅವಳು ಅಳಲಿಲ್ಲ. "ಹಂಗಾರ ತಪ್ಪು ನಂದೇ," ಎಂದಳು. "ಕನಸು ಬಿದ್ದುದ ಅಂತ ನಾನೇ ಸುಳ್ಳು ಹೇಳ್ಬುಟ್ಟಿ." ಆಮೇಲೆ ನನ್ನನ್ನು ಎತ್ತಿಕೊಂಡು ಅದೇ ಕನ್ನಡಿಯ ಮುಂದೆ, ಅದೇ ಕಿವಿಯ ಹತ್ತಿರ ಹಿಡಿದಳು. ಮೇಲ್ಮುಖವಾಗಿಯೇ ಹಿಡಿದಳು. ಒಂದಿಷ್ಟು ಹೊರಳಿಸು ತಾಯಿ ಎಂದು ನಾನು ಹೇಗೆ ಕೂಗಲಿ? "ಒಪ್ತಿತ್ತು," ಎಂದು ನನ್ನನ್ನು ಇಟ್ಟು, ಚಿನ್ನದ ಖಾಲಿ ಗೂಡುಗಳನ್ನು ಸೆರಗಿಗೆ ಕಟ್ಟಿಕೊಂಡು ತವರಿನ ಬಸ್ಸಿನ ಕಡೆ ಹೋದಳು.

ಈಗ ನಾನು ಆಚಾರಿಯ ತಗಡಿನ ಡಬ್ಬಿಯಲ್ಲಿದ್ದೇನೆ. ಮುರಿದ ಒಡವೆಗಳಿಂದ ಕಿತ್ತ ಕೆಂಪು, ಹಸಿರು, ಬಿಳಿ ಕಲ್ಲುಗಳೆಲ್ಲ ಇಲ್ಲೇ ಇವೆ. ಯಾರ ಮನೆ ಮುರಿದು ಬಂದವೋ ನಾನು ಕೇಳುವುದಿಲ್ಲ. ಕಲ್ಲು ಯಾರನ್ನೂ ಕೊಲ್ಲುವುದಿಲ್ಲ, ಕಾಯುವುದೂ ಇಲ್ಲ. ಅದಕ್ಕಿರುವುದು ಬಣ್ಣ ಒಂದೇ. ಇದನ್ನು ತಿಳಿದು ಈಗ ಯಾರಿಗೆ ಏನಾಗಬೇಕು?

ಡಬ್ಬಿಯಲ್ಲಿ ನಾನು ಅಡ್ಡ ಬಿದ್ದಿದ್ದೇನೆ. ಯಾರು ಮುಚ್ಚಳ ತೆಗೆದರೂ ಈಗ ಮೊದಲು ಕಾಣುವುದು ಒಣಹುಲ್ಲಿನ ಬಣ್ಣವೇ.