ಮೊದಲ ನೀರು

ಇಸ್ತ್ರಿಪೆಟ್ಟಿಗೆಯ ಮೂತಿ ಬಿಳಿ ಬಟ್ಟೆಯ ಮೂಲೆಗೆ ತಲುಪುವ ಹೊತ್ತಿಗೆ ಹೊರಗಿನಿಂದ ಅಣ್ಣನ ದನಿ ಕೇಳಿಸಿತು.

"ಸಣ್ಣೀ, ಗಾಡಿ ಬಂತು. ಅಮ್ಮನ್ನ ಪೆಟ್ಟಿಗೇಲಿ ಇಡ್ಬೇಕು. ಎಲ್ಲಿ ಸತ್ತೆ ನೀನು?"

ಅಂದವನು ತಾನೇ ನಾಲಿಗೆ ಕಚ್ಚಿಕೊಂಡಿರಬೇಕು, ಮುಂದೆ ಮಾತು ಬರಲಿಲ್ಲ.

ಸಣ್ಣಿ ಕೈ ನಿಲ್ಲಿಸಲಿಲ್ಲ. ಬಟ್ಟೆ ಇನ್ನೂ ಅರೆ ಒದ್ದೆ ಇತ್ತು. ಪೂರ್ತಿ ಒಣಗಿದರೆ ಗಂಜಿ ಬಿರುಕು ಬಿಡುತ್ತದೆ, ತೀರ ಒದ್ದೆಯಾಗಿದ್ದರೆ ಇಸ್ತ್ರಿಗೆ ಅಂಟುತ್ತದೆ. ಅವಳು ಕೆಳಗಿನ ಮೂರನೇ ಒಂದು ಭಾಗವನ್ನು ಮೇಲಕ್ಕೆ ಮಡಿಸಿದಳು, ಮೇಲಿನದನ್ನು ಕೆಳಕ್ಕೆ, ಬಲದ್ದನ್ನು ಒಳಕ್ಕೆ, ಎಡದ್ದನ್ನು ಅದರ ಮೇಲಕ್ಕೆ. ಬಿಡಿಸಿದರೆ ಒಂಬತ್ತು ಚೌಕ. ಪೂಜೆಯಲ್ಲಿ ದ್ರಾಕ್ಷಾರಸದ ಪಾನಪಾತ್ರೆಯ ಕೆಳಗೆ ಹಾಸುವ ಬಟ್ಟೆ ಅದು. ಪರಮಪ್ರಸಾದದ ರೊಟ್ಟಿಯ ಕಣವೊಂದು ಉದುರಿದರೂ ಮಡಿಕೆಗಳೊಳಗೇ ಉಳಿಯಬೇಕು, ಹೊರಗೆ ಬೀಳಬಾರದು.

ಹಾಗೆಂದು ಹೇಳಿಕೊಟ್ಟ ದೊಡ್ಡಮ್ಮ, ಅಣ್ಣನ ಅಮ್ಮ, ಪಕ್ಕದ ಕೋಣೆಯಲ್ಲಿ ಜಪಸರ ಸುತ್ತಿದ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು.

ಬೀದಿಗೆಲ್ಲ ಅವಳು ಗಂಜಿಯಮ್ಮ. ಚರ್ಚಿನ ಬಟ್ಟೆಗೆ ನಲವತ್ತು ವರ್ಷ ಗಂಜಿ ಹಾಕಿದ್ದಕ್ಕೆ ಆ ಹೆಸರು ಬಂತೆಂದು ಕೆಲವರು ಹೇಳಿದರೆ, ಅವಳ ಬೆನ್ನಿಗೇ ಯಾರೋ ಗಂಜಿ ಹಾಕಿದ್ದಾರೆ, ಅದಕ್ಕೇ ಬಗ್ಗುವುದಿಲ್ಲ ಎಂದು ಉಳಿದವರು ಹೇಳುತ್ತಿದ್ದರು. ಬಗ್ಗುತ್ತಿದ್ದದ್ದು ಮಂಡಿ ಮಾತ್ರ, ಅದೂ ಒಬ್ಬನ ಮುಂದೆ ಮಾತ್ರ.

"ಈಗ ಮೇಲೆ ಹೋಗಿ ದೇವದೂತರ ನಿಲುವಂಗಿ ಮುಟ್ಟಿ ನೋಡ್ತಿರ್ತಾಳೆ," ಎಂದು ಬಾಗಿಲಲ್ಲಿ ಗಂಟೆ ಮಾಮ ಹೇಳುತ್ತಿದ್ದ. "ಇದೇನು ಸುಕ್ಕು, ಇದನ್ನ ಹಾಕ್ಕೊಂಡು ಅವನ ಮುಂದೆ ನಿಲ್ಲೋಕೆ ನಾಚಿಕೆ ಆಗಲ್ವಾ ಅಂತ ಜಗಳ ಶುರು ಮಾಡಿರ್ತಾಳೆ."

ಚರ್ಚಿನ ಗಂಟೆ ಹೊಡೆಯುವುದು, ಬಲಿಪೀಠ ಅಣಿ ಮಾಡುವುದು ಅವನ ಕೆಲಸ. ಅಳುತ್ತಿದ್ದ ಹೆಂಗಸರು ಸೆರಗಿನೊಳಗೇ ನಕ್ಕರು.

ಟೀಚರ್ ಮಾತ್ರ ನಗಲಿಲ್ಲ. ನಿವೃತ್ತರಾದ ಮೇಲೆ ಚರ್ಚಿನ ಮಹಿಳಾ ಸಮಿತಿಯನ್ನು ಶಾಲೆಯ ತರಗತಿಯಂತೆಯೇ ನಡೆಸುತ್ತಿದ್ದವರು ಅವರು. ಒಳಗೆ ಬಂದು ಇಸ್ತ್ರಿ ಮೇಜಿನ ಮುಂದೆ ನಿಂತರು.

"ಇದೆಲ್ಲ ಯಾಕೆ ಸಣ್ಣಿ? ಹೊಸ ಸೆಟ್ ಇಟ್ಟಾಗಿದೆ. ಪಾಲಿಯೆಸ್ಟರ್, ಒಗೆದು ಒದರಿದ್ರೆ ಸಾಕು. ಇನ್ಮೇಲೆ ಎಲ್ಲಾ ಮೆಷಿನ್ನಿಗೇ. ನಿಮ್ಮ ದೊಡ್ಡಮ್ಮ ಇರೋವರೆಗೂ ಅವರ ಮನಸ್ಸು ನೋಯಿಸ್ಬಾರ್ದು ಅಂತ ಸುಮ್ನಿದ್ವಿ. ಇವತ್ತಿಂದ ನಿನಗೂ ಬಿಡುಗಡೆ."

ಸಣ್ಣಿ ತಲೆ ಎತ್ತಲಿಲ್ಲ.

"ಏಳನೇ ಕ್ಲಾಸಲ್ಲೂ ಹೀಗೇ," ಎಂದರು ಟೀಚರ್ ಪಕ್ಕದವರಿಗೆ. "ಕೇಳಿದ್ದಕ್ಕೆ ಉತ್ತರ ಇಲ್ಲ. ಆಮೇಲೆ ಶಾಲೆಗೂ ಬರ್ಲಿಲ್ಲ."

"ಗುಂಡಿ ಹಚ್ಚೋ ಅಂಗಡಿಗೆ ಹೋಗ್ತಾಳಲ್ಲ, ಬಾಯಿಗೂ ಒಂದು ಗುಂಡಿ ಹಚ್ಕೊಂಡಿದ್ದಾಳೆ," ಎಂದ ಗಂಟೆ ಮಾಮ. ಟೀಚರ್ ಅತ್ತ ತಿರುಗಿದೊಡನೆ ಕೈ ಚಾಚಿ, ಮಡಿಸಿದ ಬಟ್ಟೆಯನ್ನು ಸಣ್ಣಿಯಿಂದ ತೆಗೆದುಕೊಂಡು ಕೋಟಿನೊಳಗೆ ಸೇರಿಸಿದ. ಕಣ್ಣು ಮಿಟುಕಿಸಲೂ ಇಲ್ಲ.

*

ದೊಡ್ಡಮ್ಮನ ಮನೆಗೆ ಬಂದಾಗ ಸಣ್ಣಿಗೆ ಹನ್ನೆರಡು. ಅವ್ವ ತೀರಿಕೊಂಡಿದ್ದಳು. ಶಾಲೆ ಬಿಟ್ಟುಹೋಗಿತ್ತು, ಯಾರ ಜೊತೆಗೂ ಮಾತಿರಲಿಲ್ಲ. ದೊಡ್ಡಮ್ಮ ಮಾತಾಡು ಎಂದು ಒತ್ತಾಯಿಸಲಿಲ್ಲ. ನೀಲಿ ಅಂಚಿನ ಬಿಳಿ ಬೋಗುಣಿಯೊಂದನ್ನು ಮುಂದಿಟ್ಟು, "ಇದರಲ್ಲಿ ಬೇರೆ ಏನೂ ತೊಳೀಬಾರ್ದು. ನಿನ್ನ ಕೈ ಕೂಡ," ಎಂದಳು.

ಮೂರು ನೀರು. ಮೂರನೆಯದು ಜಾಲಿಸುವುದಕ್ಕೆ, ಎರಡನೆಯದು ಸೋಪಿಗೆ, ಮೊದಲನೆಯದು ದೇವರಿಗೆ. ಪಾನಪಾತ್ರೆ ಒರೆಸಿದ ಕೈಬಟ್ಟೆ, ಪಾತ್ರೆಯ ಕೆಳಗಿನ ಚೌಕ, ಎಲ್ಲವನ್ನೂ ಮೊದಲು ಬರೀ ನೀರಿನಲ್ಲಿ ಅದ್ದಿ ಮೆಲ್ಲಗೆ ಹಿಂಡಬೇಕು. ಆ ನೀರನ್ನು ಜನ ತುಳಿಯದ ಮಣ್ಣಿಗೆ ಸುರಿಯಬೇಕು.

"ಯಾಕೆ?" ಆ ಮನೆಯಲ್ಲಿ ಸಣ್ಣಿ ಕೇಳಿದ ಮೊದಲ ಮಾತು ಅದು.

"ಬಟ್ಟೇಲಿ ಪ್ರಸಾದದ ಕಣ ಉಳಿದಿರ್ಬಹುದು. ಕಣ್ಣಿಗೆ ಕಾಣಲ್ಲ. ಆದ್ರೆ ಆ ಕಣದಲ್ಲೂ ದೇವರು ಪೂರ್ತಿ ಇರ್ತಾನೆ. ಅರ್ಧಂಬರ್ಧ ಇರೋದು ಮನುಷ್ಯರು ಮಾತ್ರ."

ಎರಡನೇ ವಾರವೇ ಸಣ್ಣಿ ಎಡವಿದಳು. ಏನೋ ಯೋಚನೆಯಲ್ಲಿ ಮೊದಲ ನೀರನ್ನು ಚರ್ಚಿನ ಬಚ್ಚಲಿಗೆ ಚೆಲ್ಲಿಬಿಟ್ಟಳು. ಚೆಲ್ಲಿದ ಮೇಲೆ ಗೊತ್ತಾಗಿ ಬೋಗುಣಿ ಹಿಡಿದು ಮರಗಟ್ಟಿ ನಿಂತಳು. ಏಟು ಬೀಳುತ್ತದೆಂದು ಹೆಗಲು ಬಿಗಿ ಹಿಡಿದಿದ್ದಳು. ದೊಡ್ಡಮ್ಮ ನೇರ ಬೀದಿಗೆ ನಡೆದಳು. ಬಚ್ಚಲ ಕೊಳವೆ ಚರಂಡಿಗೆ ಬೀಳುವ ಜಾಗ ನೋಡಿ, ಅಲ್ಲೇ ಮಂಡಿಯೂರಿದಳು. ಬೆಳಗಿನ ಹತ್ತು ಗಂಟೆ, ಬೀದಿ ತುಂಬ ಜನ.

ಸೈಕಲ್ಲಿನವನೊಬ್ಬ ಕಾಲು ಊರಿ ನಿಂತ. "ಏನಾದ್ರೂ ಬಿದ್ದೋಯ್ತಾ ಅಮ್ಮ?"

"ಹೂಂ."

"ಬಂಗಾರವಾ?"

"ಬಂಗಾರ ಆಗಿದ್ರೆ ಎದ್ದು ಹೋಗ್ತಿದ್ದೆ," ಎಂದಳು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ.

ಸಣ್ಣಿ ಹೋಗಿ ಪಕ್ಕದಲ್ಲಿ ಮಂಡಿಯೂರಿದಳು. ಚರಂಡಿ ನಾರುತ್ತಿತ್ತು. ಜನ ನಗುತ್ತಿದ್ದರು. ದೊಡ್ಡಮ್ಮನ ಮುಖ ನೋಡಿದರೆ ಅಲ್ಲಿ ಚರಂಡಿಯೂ ಇರಲಿಲ್ಲ, ಜನರೂ ಇರಲಿಲ್ಲ.

*

ಚರ್ಚು ಹೊಸದಾದದ್ದು ಐದು ವರ್ಷದ ಹಿಂದೆ. ಬಲಿಪೀಠದ ಹಿಂದಿನ ಕೋಣೆಯಲ್ಲಿ ಒಂದು ಪುಟ್ಟ ಕಲ್ಲುತೊಟ್ಟಿ ಇತ್ತು. ಅದರ ಕೊಳವೆ ಚರಂಡಿಗಲ್ಲ, ನೇರ ಮಣ್ಣಿಗೆ ಇಳಿಯುತ್ತಿತ್ತು. ಮೊದಲ ನೀರಿಗೆಂದೇ ಹಿಂದಿನವರು ಕಟ್ಟಿಸಿದ್ದು. ಕೆಲಸದವರು ಅದಕ್ಕೆ ಸಿಮೆಂಟು ತುಂಬಿ ಮೇಲೆ ಟೈಲ್ಸ್ ಹಾಕಿದರು. ಟೈಲ್ಸಿನ ಮೇಲೆ ಸಮಿತಿಯವರು ಕಾಫಿ ಮೆಷಿನ್ ಇಟ್ಟರು. ಪಕ್ಕದಲ್ಲಿ ಬಟ್ಟೆ ಒಗೆಯುವ ಮೆಷಿನ್ನೂ ಬಂತು.

"ನೋಡಿ, ನಿಮ್ಮ ಕಷ್ಟ ತಪ್ತು," ಎಂದರು ಟೀಚರ್.

ದೊಡ್ಡಮ್ಮ ಮೆಷಿನ್ನಿನ ಸುತ್ತ ಒಂದು ಸುತ್ತು ಬಂದಳು. "ಇದಕ್ಕೆ ಮಂಡಿ ಎಲ್ಲಿದೆ?"

ಅಂದಿನಿಂದ ಮೊದಲ ನೀರನ್ನು ಚರ್ಚಿನ ಹಿಂದಿನ ಮೂಲೆಯ ಮಣ್ಣಿಗೆ ಸುರಿದಳು. ವರ್ಷ ತುಂಬುವುದರೊಳಗೆ ವಾಹನ ನಿಲ್ಲಿಸಲೆಂದು ಆ ಮೂಲೆಗೂ ಸಿಮೆಂಟು ಕಲ್ಲು ಹಾಸಿದರು. ಆ ದಿನ ದೊಡ್ಡಮ್ಮ ತುಂಬಿದ ಬೋಗುಣಿ ಹಿಡಿದು ಅಂಗಳದಲ್ಲೇ ಫಾದರ್‌ರನ್ನು ತಡೆದಳು. ಫಾದರ್ ಕಿರಿಯರು, ಒಳ್ಳೆಯವರು, ಸದಾ ಅವಸರದಲ್ಲಿರುವವರು.

"ಎಲ್ಲಾ ಕಡೆ ಕಲ್ಲು ಹಾಸಿದ್ರೆ ದೇವರು ಎಲ್ಲಿ ಇಂಗ್ಬೇಕು ಫಾದರ್?"

ಫಾದರ್ ನಕ್ಕರು. "ಅಜ್ಜಿ, ದೇವರು ಎಲ್ಲಾ ಕಡೆ ಇದ್ದಾನಲ್ವಾ?"

"ಎಲ್ಲಾ ಕಡೆ ಇದ್ದಾನೆ ಅಂತ ಕೈಯಾರೆ ಚರಂಡಿಗೆ ಹಾಕ್ತೀರಾ?"

"ಹಾಗಲ್ಲ ಅಜ್ಜಿ. ಕಾಲ ಬದಲಾಗಿದೆ."

"ಕಾಲ ಬದಲಾಗಿರ್ಬಹುದು. ನಿಯಮ ಬದಲಾಗಿಲ್ಲ. ಈಗಲೂ ಪುಸ್ತಕದಲ್ಲಿದೆ, ತೆಗೆದು ನೋಡಿ. ಕಳೆದುಹೋಗಿರೋದು ನಮ್ಮ ಭಯ."

ನಿಯಮ ಇರುವುದು ಫಾದರ್‌ಗೂ ಗೊತ್ತಿತ್ತೆಂದು ಸಣ್ಣಿಗೆ ಅವರ ಕಿವಿ ಕೆಂಪಾದದ್ದು ನೋಡಿ ತಿಳಿಯಿತು.

ಮತ್ತೆ ನಾಲ್ಕು ವರ್ಷ ನೀರು ಮನೆಯ ಹಿತ್ತಲಿಗೆ ಬಂತು. ಮುಚ್ಚಳದ ಪಾತ್ರೆಯನ್ನು ಮಗುವಿನಂತೆ ಎದೆಗೊತ್ತಿಕೊಂಡು ದೊಡ್ಡಮ್ಮ ನಡೆದು ಬರುವಳು. ನಿಂಬೆ ಗಿಡದ ಸುತ್ತ ಇಟ್ಟಿಗೆ ಹೂತು, ಒಳಗೆ ಯಾರೂ ಕಾಲಿಡದಂತೆ ಮಾಡಿದ್ದಳು. ಮೊನ್ನೆ ಮೊನ್ನೆ, ಅವಳು ಆಸ್ಪತ್ರೆಯಲ್ಲಿದ್ದಾಗ, ಎರಡು ಬೈಕು ನಿಲ್ಲಿಸಲು ಜಾಗವಿಲ್ಲವೆಂದು ಅಣ್ಣ ಗಿಡ ಕಡಿಸಿ ಹಿತ್ತಲಿಗೆ ಕಾಂಕ್ರೀಟು ಹಾಕಿಸಿದ. ಕೆಟ್ಟತನದಿಂದಲ್ಲ. ಅವನಿಗೆ ಗಿಡ ಅಂದರೆ ಗಿಡ.

ಮನೆಗೆ ಕರೆತಂದಾಗ ದೊಡ್ಡಮ್ಮ ಕಿಟಕಿಯಿಂದ ನೋಡಿದಳು. ಮಗ ಆಚೆ ಹೋದ ಮೇಲೆ ಸಣ್ಣಿಯ ಮುಂಗೈ ಹಿಡಿದಳು. ಆ ಹಿಡಿತದಲ್ಲಿ ರೋಗಿಯ ಸೋಲು ಇರಲಿಲ್ಲ.

"ಇನ್ಮೇಲೆ ಮಣ್ಣು ಹುಡುಕೋದು ನಿನ್ನ ಕೆಲಸ. ನನ್ನ ಕಡೇ ಪೂಜೆ ಆಗುತ್ತಲ್ಲ, ಆ ಬಟ್ಟೇದು ಮೊದಲ ನೀರು ಚರಂಡಿಗೆ ಹೋಗ್ಬಾರ್ದು. ನಾನು ಎದ್ದು ಬಂದು ಮಂಡಿ ಊರೋಕಾಗಲ್ಲ, ತಿಳೀತಾ?"

ಸಣ್ಣಿ ತಲೆಯಾಡಿಸಿದಳು.

"ತಲೆ ಬೇಡ. ಬಾಯಿ."

"ಹೋಗಲ್ಲ ದೊಡ್ಡಮ್ಮ."

*

ಪೆಟ್ಟಿಗೆಯನ್ನು ಬಲಿಪೀಠದ ಮುಂದೆ ಇಳಿಸಿದರು. ಪೂಜೆ ಶುರುವಾದರೂ ಹಿಂದಿನ ಬೆಂಚುಗಳಲ್ಲಿ ಪಿಸುಮಾತು ನಿಲ್ಲಲಿಲ್ಲ. ಯಾರದೋ ಫೋನು ಎರಡು ಸಲ ಹಾಡಿತು. ರೊಟ್ಟಿ, ದ್ರಾಕ್ಷಾರಸದ ಕಾಣಿಕೆ ಅರ್ಪಿಸುವ ಹೊತ್ತಿಗೆ ಫಾದರ್ ಮಡಿಸಿದ ಬಟ್ಟೆಗೆ ಕೈ ಹಾಕಿ ಒಂದು ಗಳಿಗೆ ತಡೆದರು. ಪಾಲಿಯೆಸ್ಟರ್ ಇರಬೇಕಾದ ಕಡೆ ಬೇರೇನೋ ಇತ್ತು. ಬಿಡಿಸಿದರು. ಗಂಜಿ ಹಾಕಿದ ಬಟ್ಟೆ ಚರಚರ ಎಂದದ್ದು ಮೈಕಿನೊಳಗೆ ಹೊಕ್ಕು ಚರ್ಚಿನ ಗೋಡೆಗೋಡೆಗೂ ಕೇಳಿಸಿತು.

ಪಿಸುಮಾತು ನಿಂತಿತು. ಯಾರ ಬಟ್ಟೆಯೆಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಟೀಚರ್ ತಿರುಗಿ ಗಂಟೆ ಮಾಮನನ್ನು ನೋಡಿದರು. ಅವನು ಸೂರು ನೋಡುತ್ತಿದ್ದ.

ಪ್ರಸಾದ ಸ್ವೀಕರಿಸುವ ಸಾಲಿನಲ್ಲಿ ಸಣ್ಣಿ ಹತ್ತನೆಯವಳು. ತನ್ನ ಸರದಿ ಬಂದಾಗ ಬರೀ ನೆಲದ ಮೇಲೆ ಮಂಡಿಯೂರಿ, ನಾಲಿಗೆ ಚಾಚಿದಳು. ದೊಡ್ಡಮ್ಮ ಮಾಡುತ್ತಿದ್ದದ್ದು ಹಾಗೆಯೇ. ಹಿಂದಿನವರು ಎಡವಿಕೊಂಡು ನಿಂತರು. ಸಣ್ಣಿ ಅವಸರ ಮಾಡಲಿಲ್ಲ.

ಪೂಜೆ ಮುಗಿದು ಪೆಟ್ಟಿಗೆಗೆ ಹೆಗಲು ಕೊಟ್ಟರು. ಜನ ಅದರ ಹಿಂದೆ ಸ್ಮಶಾನದತ್ತ ನಡೆದರು. ಸಣ್ಣಿ ಮಾತ್ರ ಹೊಳೆಗೆ ಎದುರು ಈಜುವವಳಂತೆ ಜನರನ್ನು ಸೀಳಿಕೊಂಡು ಹಿಂದಿನ ಕೋಣೆಗೆ ಬಂದಳು.

ಕಾಫಿ ವಾಸನೆ. ಟೀಚರ್ ಸಭಾಂಗಣದ ಮೇಜುಹಾಸುಗಳನ್ನು ಮೆಷಿನ್ನಿಗೆ ತುರುಕುತ್ತಿದ್ದರು. ಅವುಗಳ ಮೇಲೆ ಪೂಜೆಯ ಬಟ್ಟೆಗಳು ಬಿದ್ದಿದ್ದವು, ಎರಡು ಕೈಬಟ್ಟೆ, ಒಂದು ಚೌಕ.

ಸಣ್ಣಿ ಮೆಷಿನ್ನಿನ ಬಾಯಿಗೆ ಕೈ ಹಾಕಿ ಮೂರನ್ನೂ ಹೊರಕ್ಕೆ ತೆಗೆದಳು.

"ಏಯ್, ಏನಿದು? ಅಲ್ಲಿ ಮಣ್ಣು ಮಾಡ್ತಿದ್ದಾರೆ, ನೀನಿಲ್ಲಿ ಬಟ್ಟೆ ಹಿಡ್ಕೊಂಡಿದ್ದೀಯ. ಕೊಡಿಲ್ಲಿ."

"ಮೊದಲ ನೀರು ಆಗಿಲ್ಲ ಟೀಚರ್."

ಟೀಚರ್ ಚಾಚಿದ ಕೈ ಹಾಗೇ ನಿಂತಿತು. ಬಟ್ಟೆಗಿಂತ ಆ ದನಿಯೇ ಅವರಿಗೆ ಹೊಸದು.

"ನೋಡು ಸಣ್ಣಿ, ನಿನ್ನ ದುಃಖ ನಂಗರ್ಥ ಆಗುತ್ತೆ. ಆದ್ರೆ ಸಮಿತೀಲಿ ತೀರ್ಮಾನ ಆಗಿದೆ. ಒಂದು ಸಲ ಮೆಷಿನ್ನಿಗೆ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಅದರಲ್ಲಿರೋರಿಗೆ."

"ನನಗೇ ಎದುರು ಮಾತಾಡ್ತೀಯಾ?"

"ಏಳನೇ ಕ್ಲಾಸಲ್ಲಿ ನೀವೇ ಹೇಳಿಕೊಟ್ರಿ. ಪ್ರಸಾದ ಅಂದ್ರೆ ಬರೀ ಗುರುತಲ್ಲ, ದೇವರೇ ಅಂತ. ನಾನು ಆಗ ಉತ್ತರ ಹೇಳ್ಲಿಲ್ಲ, ಆದ್ರೆ ನಂಬಿದೆ." ಸಣ್ಣಿ ಬಟ್ಟೆಗಳನ್ನು ಎದೆಗೊತ್ತಿಕೊಂಡಳು. "ನೀವು ನಂಬಿದ್ರಾ ಟೀಚರ್?"

ಟೀಚರ್ ಮೆಷಿನ್ನಿನ ಬಾಗಿಲು ಧಡ್ ಎಂದು ಮುಚ್ಚಿ ಗುಂಡಿ ಒತ್ತಿದರು. ಅದು ಬರೀ ಮೇಜುಹಾಸುಗಳನ್ನು ತಿರುಗಿಸತೊಡಗಿತು.

ಬೋಗುಣಿ ಕೋಣೆಯ ಬೀರುವಿನ ಕೆಳಗೆ ದೊಡ್ಡಮ್ಮ ಇಡುತ್ತಿದ್ದಲ್ಲೇ ಇತ್ತು. ಸಣ್ಣಿ ನೀರು ತುಂಬಿ, ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಬಟ್ಟೆ ಅದ್ದಿದಳು. ಹಿಂಡುವುದಕ್ಕಲ್ಲ, ಎತ್ತಿಕೊಳ್ಳುವುದಕ್ಕೆ ಎನ್ನುವಷ್ಟು ಮೆಲ್ಲಗೆ ಒತ್ತಿದಳು. ನೀರು ನೀರಿನಂತೆಯೇ ಇತ್ತು. ಗಂಜಿಗೆ ಸ್ವಲ್ಪ ಬಿಳಿಚಿತ್ತು, ಅಷ್ಟೇ.

ಎರಡೂ ಕೈಯಲ್ಲಿ ಬೋಗುಣಿ ಹಿಡಿದು ಅಂಗಳಕ್ಕೆ ಇಳಿದಳು. ಬಾಗಿಲಿನಿಂದ ಗೇಟಿನವರೆಗೆ, ಗೇಟಿನಿಂದ ಸ್ಮಶಾನದ ಕಬ್ಬಿಣದ ಬಾಗಿಲವರೆಗೆ, ಒಂದು ಬೆರಳು ಅಗಲದ ಮಣ್ಣೂ ಕಾಣಲಿಲ್ಲ. ಹನಿ ತುಳುಕದಂತೆ ಹೆಜ್ಜೆ ಹಾಕಬೇಕಿತ್ತು. ಎದುರು ಬಂದವರು, "ಮುಗೀತು ಕಣಮ್ಮ, ಈಗ ಬಂದ್ಯಾ," ಎಂದರು. ಅವಳು ಕಣ್ಣು ಕೀಳದೆ ನೀರನ್ನೇ ನೋಡುತ್ತ ನಡೆದಳು.

ಗುಂಡಿ ಮುಚ್ಚಿ ಮಣ್ಣು ಏರಿಸಿದ್ದರು. ಅಣ್ಣ ಶಿಲುಬೆ ನೆಡುತ್ತಿದ್ದ. ಅದು ನೆಟ್ಟಗಿದೆಯೇ ಎಂದು ನೋಡಲು ಫಾದರ್ ಗುಡ್ಡೆಯ ಮೇಲೆ ಒಂದು ಕಾಲಿಟ್ಟು ಬಗ್ಗಿದ್ದರು.

"ಎಲ್ಲಿ ಹೋಗಿದ್ಯೇ?" ಎಂದ ಅಣ್ಣ, ಕೆಂಪಗಾದ ಕಣ್ಣು ಎತ್ತಿ. "ಒಂದು ಹಿಡಿ ಮಣ್ಣು ಹಾಕೋಕೂ ಬರ್ಲಿಲ್ಲ. ಅದೇನು ನೀರು?"

ಸಣ್ಣಿ ಗುಡ್ಡೆಯ ಅಂಚಿಗೆ ಬಂದು ನಿಂತಳು.

"ಕಾಲು ತೆಗೀರಿ ಫಾದರ್."

ಸುತ್ತ ನಿಂತವರಲ್ಲಿ ಯಾರೋ "ಅಯ್ಯೋ" ಎಂದರು. ಅಣ್ಣ ಅವಳ ತೋಳು ಹಿಡಿಯಲು ಬಂದ. ಗಂಟೆ ಮಾಮ ಅಡ್ಡ ನಿಂತ.

ಫಾದರ್ ಅವಳನ್ನು ನೋಡಿದರು. ಆಮೇಲೆ ಬೋಗುಣಿಯನ್ನು, ಅದರ ನೀಲಿ ಅಂಚನ್ನು. ಹಿಂದೊಮ್ಮೆ ಅಂಗಳದಲ್ಲಿ ತಮ್ಮನ್ನು ತಡೆದು ನಿಲ್ಲಿಸಿದ ಬೋಗುಣಿ ಅದು. ಕಿವಿ ಕೆಂಪಾಯಿತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಗಂಟೆ ಮಾಮ ಒಂದು ಹೆಜ್ಜೆ ಹಿಂದೆ ಸರಿದ. ಅವನನ್ನು ನೋಡಿ ಉಳಿದವರೂ ಸರಿದರು. ಕೊನೆಗೆ ಅಣ್ಣನೂ ತನ್ನ ಕಾಲ ಕೆಳಗೆ ಒಮ್ಮೆ ನೋಡಿಕೊಂಡು ಆಚೆ ಹೋದ.

ಸಣ್ಣಿ ಮಂಡಿಯೂರಿ ಬೋಗುಣಿ ಬಗ್ಗಿಸಿದಳು. ಹೊಸ ಮಣ್ಣು ಸದ್ದಿಲ್ಲದೆ ಕುಡಿಯಿತು. ಅದರ ಮೇಲೆ ಒಂದೇ ಒಂದು ಹೆಜ್ಜೆಯ ಗುರುತಿತ್ತು, ಫಾದರ್‌ರ ಬೂಟಿನದು. ನೀರು ಹರಿದು ಬಂದು ಆ ಗುರುತನ್ನು ತುಂಬಿ, ಆಕಾಶ ಕಾಣುವಷ್ಟು ಹೊತ್ತು ನಿಂತು, ಇಂಗಿಹೋಯಿತು.