ಎತ್ತು ಹುಗಿದ ಜಾಗ

ಶಿವನೇ ಕೊಟ್ಟದ್ದೆಂದು ನಾಲ್ಕು ತಲೆಮಾರು ದುಡಿದ ಕರಿ ಹೊಲ. ತೊಂಬತ್ತೆಂಟರ ಬೇಸಿಗೆಯಲ್ಲಿ ಅದನ್ನು ಮಾರಿ ಸವದತ್ತಿ ಸೇರುವುದೆಂದು ಮೈದುನ ನಿಜಗುಣಪ್ಪ ಠರಾಯಿಸಿದಾಗ ದೇವಕ್ಕ ಕೇಳಿದ್ದು ಒಂದೇ ಮಾತು:

“ಮೂಲ್ಯಾಗ ಅವರದಾರಲ್ಲ?”

ಅವರೆಂದರೆ ಗಂಡ. ಕುಲದ ಪದ್ಧತಿಯಂತೆ ಸ್ವಂತ ಹೊಲದಲ್ಲೇ ಕೂಡ್ರಿಸಿ ಮಣ್ಣು ಕೊಟ್ಟಿದ್ದರು. ಸೋಮವಾರ ದೇವಕ್ಕ ಅಲ್ಲಿ ದೀಪ ಹಚ್ಚಿ, ಬಿತ್ತಿದ್ದು ಬೆಳೆದದ್ದನ್ನೆಲ್ಲ ಹೇಳಿ ಬರುತ್ತಿದ್ದಳು.

“ಸಮಾಧಿ ಐತಿ ಅಂದ್ರ ಕೊಳ್ಳಾಕ ಬರೂ ಹಜರತಸಾಬ ಹೊಲಾ ಮುಟ್ಟಂಗಿಲ್ಲ ವೈನಿ. ಎತ್ತು ಹುಗದ ಜಾಗಾ ಅಂದೇನಿ. ಕೇಳಿದ್ರ ಹೂಂ ಅನ್ರಿ. ಇಲ್ಲಂದ್ರ ನಿಮ್ಮ ಗಂಗಾನ ಲಗ್ನ ನೀವಽ ಮಾಡ್ಕೋರಿ.”

ಗಂಗಾ ಒಬ್ಬಳೇ ಮಗಳು, ಗಂಡು ಗೊತ್ತಾಗಿತ್ತು.

ಕಟಕೋಳದ ಹಜರತಸಾಬ ಟ್ರ್ಯಾಕ್ಟರ್ ಏರಿಕೊಂಡೇ ಬಂದ. ಮೂಲೆಯ ಕಲ್ಲುಗುಪ್ಪೆಯ ಮುಂದೆ ನಿಂತು ಚಪ್ಪಲಿ ಬಿಟ್ಟ.

“ದೇವಕ್ಕ, ಕೊರಳಾಗಿನ ಲಿಂಗಾ ಹಿಡದು ಹೇಳ್ರಿ, ನಂಬತೇನಿ. ಇದು ಎತ್ತಿಂದಽ ಏನು?”

ದೇವಕ್ಕ ಲಿಂಗ ಹಿಡಿದಳು. “ಹೌದ್ರಿ. ಎತ್ತು.”

“ಬಾಳ ಸಾಧು ಎತ್ತರೀ,” ಎಂದು ನಿಜಗುಣಪ್ಪ ನಕ್ಕ. “ಬೈದ್ರೂ ತಿರುಗಿ ನೋಡತಿದ್ದಿಲ್ಲ.”

ಹಜರತಸಾಬ ಚಪ್ಪಲಿ ಮೆಟ್ಟಿಕೊಂಡ. “ನಮ್ಮಪ್ಪನ ಗೋರಿನೂ ಹೊಲದಾಗಽ ಐತಿ. ಮನಷ್ಯಾರದಾಗಿದ್ರ ಸುತ್ತ ಬೇಲಿ ಹಾಕಿ ಬಿಡಾಂವಿದ್ನಿ. ನೀವು ಬಂದು ದೀಪಾ ಹಚ್ಚಿ ಹೋಗಬೌದಿತ್ತು. ಎತ್ತಿಗ್ಯಾಕ ಬೇಲಿ, ಹೂಡಿಬಿಡೂಣು.”

ದೇವಕ್ಕನ ಬಾಯಿ ತೆರೆಯಿತು. ನಿಜಗುಣಪ್ಪ ಅವಳ ಕಿವಿಯ ಹತ್ತಿರ ಬಾಗಿದ.

“ಲಿಂಗಾ ಹಿಡದು ಸುಳ್ಳ ಹೇಳಿದಾಕಿ ಮಗಳನ್ನ ಯಾರು ಮನಿತುಂಬಿಸ್ಕೋತಾರ ವೈನಿ?”

ಅವನು ಬುಟ್ಟಿ ಕೊಟ್ಟ. “ಕಲ್ಲ ಆರಸ್ರಿ. ನೇಗಿಲಿಗೆ ಬಡೀತಾವು.”

ಮೊದಲ ಉಳುಮೆಗೆ ಮುಂಚೆ ಕಲ್ಲು ಆರಿಸುವುದು ಆ ಮನೆಯ ಹೆಂಗಸರ ಕೆಲಸ. ಲಗ್ನವಾಗಿ ಬಂದ ವರ್ಷದಿಂದ ದೇವಕ್ಕ ಒಂದು ಸಲವೂ ತಪ್ಪಿಸಿರಲಿಲ್ಲ. ಬಾಗಿದಳು. ಗಂಡನ ಮೇಲೆ ತಾನೇ ಹೊತ್ತು ಇಟ್ಟ ಕಲ್ಲುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ ಬದುವಿಗೆ ಸುರಿದು ಬಂದಳು.

“ಹೊಲಾ ಬಿಡೂ ದಿನಾನೂ ಕೈ ಸುಮ್ನ ಇರೂದಿಲ್ಲ ನೋಡ್ರಿ,” ಎಂದು ಹಜರತಸಾಬ ಮೆಚ್ಚಿದ. “ಮನ್ಯಾಗ ಇಂಥಾ ಹೆಣಮಗಳಿರಬೇಕು.”

ಕೊನೆಯದು ದೀಪದ ಮಸಿ ಹಿಡಿದ ಚಪ್ಪಟೆ ಕಲ್ಲು. ಅದನ್ನು ಸೆರಗಿನಲ್ಲಿ ಸುತ್ತಿಕೊಳ್ಳುವುದನ್ನು ಮೈದುನ ಕಂಡ.

“ಅದನ್ನೂ ಒಗೀರಿ ವೈನಿ. ಎತ್ತಿನ ಕಲ್ಲು ಮನಿಗ್ಯಾಕ?”

ಒಗೆದಳು. ಟ್ರ್ಯಾಕ್ಟರ್ ಮೂಲೆಗೆ ತಿರುಗಿತು.