ಹೆನ್ನಳ ಅರ

ಕುಟ್ಟಿಚ್ಚಿರದ ಕೊಳದ ದಂಡೆಯ ಆ ಹಳೆಯ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಅವಳ ಪಾಲಿಗೆ ಒಂದು ಕೋಣೆ ಇದ್ದೇ ಇರುತ್ತದೆ. ಅದಕ್ಕೆ ಅರ ಎನ್ನುತ್ತಾರೆ. ಮದುವೆಯಾದರೂ ಅವಳು ಅಲ್ಲಿಂದ ಕದಲುವುದಿಲ್ಲ. ಗಂಡನಾದವನೇ ಸಂಜೆ ಅಂಗಡಿ ಮುಚ್ಚಿ ಅವಳ ಅರಕ್ಕೆ ಬರುತ್ತಾನೆ, ಬೆಳಿಗ್ಗೆ ಚಾ ಕುಡಿದು ಹೊರಡುತ್ತಾನೆ. ಅವನಿಗೆ ಪುದಿಯಾಪ್ಳ ಎಂದು ಹೆಸರು, ಹೊಸ ಅಳಿಯ. ತಲೆ ನರೆತು, ಹಲ್ಲು ಬಿದ್ದ ಹೊಸ ಅಳಿಯಂದಿರು ಆ ಬೀದಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಒಂಬತ್ತು ತುಂಬಿದ ಹೆನ್ನಳಿಗೂ ಅರ ಸಿಕ್ಕಿತು. ಮಹಡಿಯ ಮೇಲೆ, ಕೊಳದ ಕಡೆ ಕಿಟಕಿಯಿರುವ, ಗಾಳಿ ಬೆಳಕಿನ ಕೋಣೆ. ಆದರೆ ತನ್ನದೇ ಅರದಲ್ಲಿ ಆ ಹುಡುಗಿ ಮಲಗುತ್ತಿದ್ದದ್ದು ನೆಲದ ಮೇಲೆ, ಚಾಪೆ ಹಾಸಿಕೊಂಡು. ಯಾಕೆಂದರೆ ಕೋಣೆಯಲ್ಲಿ ಮಂಚವಿತ್ತು.

ಮಂಚ ಎಂದರೆ ಸಾಮಾನ್ಯ ಮಂಚವಲ್ಲ. ಹೆನ್ನಳ ಅಜ್ಜಿ ಇಂಬಿಚ್ಚಾಮಿನ, ಮನೆಮಂದಿಗೆಲ್ಲ ಉಮ್ಮಾಮ, ಎಲ್ಲೋ ಕೆಡವಿದ ಮನೆಯ ಬೀಟೆ ಮರ ತರಿಸಿ, ಆಚಾರಿಯನ್ನು ಅದೇ ಕೋಣೆಯಲ್ಲಿ ಕೂರಿಸಿ ಮಾಡಿಸಿದ್ದು. ತಲೆಕಡೆಗೆ ಬಳ್ಳಿ, ಬಳ್ಳಿಯ ನಡುವೆ ಕನ್ನಡಿ, ಹತ್ತಲು ಒಂದು ಮೆಟ್ಟಿಲು. ಅರದ ಬಾಗಿಲೋ ಬಗ್ಗಿ ಒಳಹೋಗುವಷ್ಟು ಸಣ್ಣದು. ಮಂಚವನ್ನು ಹೊರಗೆ ತೆಗೆಯಬೇಕೆಂದರೆ ಗೋಡೆಯನ್ನೇ ಒಡೆಯಬೇಕು. ಅದು ಹೆನ್ನಳ ಮದುವೆಯ ಮಂಚ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನಾವು ನೋಡಿದ್ದೇವೆ. ಉಮ್ಮಾಮ ಅವರಿಗಿಂತ ಒಂದು ಕೈ ಮೇಲು.

ಗೀರು ಬಿದ್ದೀತೆಂದು ಮಂಚಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಅದು ಇಡೀ ಕೋಣೆಯನ್ನು ನುಂಗಿ ಉಳಿದ ಮೂಲೆಯಲ್ಲಿ ಹೆನ್ನಳ ಚಾಪೆ. ಮೇಜಿಗೆ ಜಾಗವಿಲ್ಲದೆ ಅವಳು ಶಾಲೆಯ ಲೆಕ್ಕವನ್ನು ಮಹಡಿಯ ಮೆಟ್ಟಿಲ ಮೇಲೆ ಕೂತು ಮಾಡುತ್ತಿದ್ದಳು. ಹತ್ತುವವರು ಇಳಿಯುವವರು ಅವಳನ್ನು ದಾಟಿಕೊಂಡೇ ಓಡಾಡುತ್ತಿದ್ದರು.

ಇದನ್ನು ನೋಡಿ ನೋಡಿ ಹೆನ್ನಳ ತಾಯಿ ಷಹರ್ಬಾನುವಿನ ಹೊಟ್ಟೆ ಉರಿಯುತ್ತಿತ್ತು. ಅವಳ ಅರಕ್ಕೂ ಮಂಚ ಬಂದದ್ದು ಹನ್ನೊಂದನೇ ವಯಸ್ಸಿಗೆ. ಮಂಚ ಬಂದಾಗಿದೆ, ಇನ್ನೇನು ತಡ ಎಂದು ಹದಿನೇಳಕ್ಕೆ ಮದುವೆಯೂ ಆಯಿತು, ಕಾಲೇಜಿನ ಆಸೆ ಅಲ್ಲಿಗೆ ಮುಗಿಯಿತು. ಗಂಡ ಒಳ್ಳೆಯವನೇ, ಮಗಳು ಬಂಗಾರ. ಹಾಗೆಂದು ಆ ನೋವು ಸುಳ್ಳಾಗುವುದಿಲ್ಲವಲ್ಲ.

ಒಂದು ದಿನ ಅಡುಗೆಮನೆಯಲ್ಲಿ ಅಕ್ಕಿಹಿಟ್ಟಿನ ಪತ್ತಿರಿ ತಟ್ಟುತ್ತ ಬಾನು ಬಾಯಿಬಿಟ್ಟಳು.

“ಉಮ್ಮಾ, ಆ ಮಂಚ ಮಗೂಗೆ ತುಂಬಾ ಎತ್ತರ, ಕಾಲು ಕತ್ತರಿಸಿ ತಗ್ಗಿಸ್ತೀನಿ. ಹೆನ್ನ ಅದ್ರ ಮೇಲೆ ಮಲಗ್ಲಿ. ಗೋಡೆಗೆ ಹಲಗೆ ಹೊಡೀತೀನಿ, ಅವಳು ಬೆಳೆದ ಹಾಗೆ ಅದೂ ಮೇಲೆ ಏರ್ಬೇಕು, ಹಾಗೆ.”

“ಕಾಲು ಕತ್ತರಿಸ್ತೀಯಾ? ಮೊದ್ಲು ನಂದು ಕತ್ತರಿಸು,” ಎಂದಳು ಉಮ್ಮಾಮ.

“ನಿಮ್ಮ ಕಾಲು ನೆಲದಲ್ಲೇ ಇದೆಯಲ್ಲ, ಅದ್ಯಾಕೆ? ಮಗು ನೆಲದಲ್ಲಿ ಮಲಗ್ತಾ ಇದೆ.”

“ಮಲಗ್ಲಿ, ಬೆನ್ನು ನೆಟ್ಟಗಾಗ್ತದೆ. ಮಂಚದ ಸುದ್ದಿಗೆ ಬಂದ್ಯೋ, ನೋಡು!”

ಉಮ್ಮಾಮ ಹಿಡಿದ ಪಟ್ಟು ಬಿಡುವವಳಲ್ಲ. ಮಗಳು ಯಾರ ಮಗಳು? ಬಾನು ಆಚಾರಿ ವೇಲಾಯುಧನ ಮನೆಗೇ ಹೋದಳು. ಅವನು ಕಿವಿ ಮುಚ್ಚಿಕೊಂಡ. “ನನ್ನ ಕೈಯಲ್ಲಿ ಮಾಡಿದ್ದನ್ನ ನಾನೇ ಕುಯ್ಯೋದಾ? ಅದೂ ಉಮ್ಮಾಮನ ಬಾಯಿಗೆ ಬಿದ್ದು? ಬೇಕಾದ್ರೆ ಗರಗಸ ಕೊಡ್ತೀನಿ. ಕೇಳಿದ್ರೆ ಕಳುವಾಯ್ತು ಅಂತೀನಿ.”

ಸಂಜೆ ಗಂಡ ಅಸೈನಾರ್ ಬಂದಾಗ ಅವನ ಮುಂದೆಯೂ ಹೇಳಿದಳು. ಅವನು ಬಾಳೆಹಣ್ಣಿನ ಉನ್ನಕ್ಕಾಯಿ ಮುರಿಯುತ್ತ ನಕ್ಕ. “ನಾನು ಈ ಮನೆಗೆ ಪುದಿಯಾಪ್ಳ ಮಾರಾಯ್ತಿ. ಕೊಟ್ಟದ್ದು ತಿನ್ನೋದು, ತೋರಿಸಿದಲ್ಲಿ ಮಲಗೋದು. ನಿಮ್ಮನೆ ಮಂಚಕ್ಕೂ ನಂಗೂ ಏನು ಸಂಬಂಧ?”

“ಮಗಳು ನಿಮ್ಮದಲ್ವಾ?”

ಅವನ ನಗೆ ನಿಂತಿತು. ತಟ್ಟೆ ಪಕ್ಕಕ್ಕೆ ಸರಿಸಿ, “ಹಲಗೆ ನಾನು ತರಿಸ್ತೀನಿ. ಯಾರು ತರಿಸಿದ್ದು ಅಂತ ಹೇಳ್ಬೇಡ,” ಎಂದ.

ಉಮ್ಮಾಮ ನೆಂಟರ ಮನೆಯ ಸಲ್ಕಾರದ ಔತಣಕ್ಕೆ ಹೋದ ದಿನ ಬಾನು ಸೆರಗು ಬಿಗಿದಳು. ಅವಳು ಹುಟ್ಟಿದ ಮೇಲೆ ಗರಗಸ ಹಿಡಿದವಳಲ್ಲ. ಬೀಟೆ ಮರವೋ ಕಬ್ಬಿಣದ ಮೊಮ್ಮಗ. ಮೊದಲ ಕಾಲು ಮುಗಿಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಬಟ್ಟೆ ಸುತ್ತಿಕೊಂಡು ಎರಡನೆಯದಕ್ಕೆ ಕೂತಳು. ನಾಲ್ಕೂ ಮುಗಿದಾಗ ಒಂದು ಕಾಲು ಬೆರಳಷ್ಟು ಗಿಡ್ಡವಾಗಿತ್ತು, ಮಂಚ ಕುಂಟಿತು. ಅದರಡಿಗೆ ಮರದ ಚಕ್ಕೆ ತುರುಕಿದಳು. ಕತ್ತರಿಸಿದ ತುಂಡುಗಳನ್ನು ಎಸೆಯದೆ, ಯಾವುದು ಯಾವ ಕಾಲಿನದು ಎಂದು ಗುರುತು ಹಾಕಿ, ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೇ ಇಟ್ಟಳು. ಹುಡುಗಿ ಉದ್ದವಾದಾಗ ಮತ್ತೆ ಕೂಡಿಸಬಹುದು.

ಮಂಚವನ್ನು ಗೋಡೆಗೆ ನೂಕಿದ ಮೇಲೆ ಕೋಣೆಗೆ ಉಸಿರು ಬಂತು. ಕಿಟಕಿಯ ಪಕ್ಕ ಎರಡು ಉದ್ದನೆಯ ಮರದ ಪಟ್ಟಿ ನಿಲ್ಲಿಸಿ, ಕೆಳಗಿನಿಂದ ಮೇಲಿನವರೆಗೆ ತೂತು ಕೊರೆದು, ಗೂಟ ಸಿಕ್ಕಿಸಿ, ಅದರ ಮೇಲೆ ಹಲಗೆಯಿಟ್ಟಳು. ಈಗ ಅದೇ ಹೆನ್ನಳ ಮೇಜು. ಗೂಟ ಮೇಲಕ್ಕೆ ಬದಲಿಸಿದರೆ ಮೇಜೂ ಮೇಲೇರುತ್ತದೆ. ಗೋಡೆಗೆ ಚಿಟ್ಟೆಯ ಚಿತ್ರ ಬೇಕು ಎಂದು ಹೆನ್ನ ಹಟ ಹಿಡಿದಳು.

“ಇವತ್ತು ಚಿಟ್ಟೆ ಅಂತೀಯ, ಬರೋ ವರ್ಷ ಅದನ್ನ ನೋಡಿದ್ರೆ ಮುಖ ತಿರುಗಿಸ್ತೀಯ,” ಎಂದು ಬಾನು ಅರ್ಧ ಗೋಡೆಗೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣ ಕೊಟ್ಟಳು. “ನೀನೇ ಬರ್ಕೋ, ಬೇಡಾದಾಗ ನೀನೇ ಅಳಿಸ್ಕೋ.”

ಆ ಹುಡುಗಿಯ ಸಂತೋಷವನ್ನು ಏನೆಂದು ಹೇಳಲಿ! ಮಂಚದ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಸುಸ್ತಾದಳು.

ಉಮ್ಮಾಮ ಬಂದಳು, ಮಹಡಿ ಹತ್ತಿದಳು, ನೋಡಿದಳು. ಬೈಯಲಿಲ್ಲ. ಗೋಡೆಗೆ ಕೈಯೂರಿ ನಿಂತುಬಿಟ್ಟಳು. ಬೈದಿದ್ದರೆ ಬಾನುವಿನ ಬಳಿ ಉತ್ತರವಿತ್ತು.

“ಹುಚ್ಚಿ,” ಎಂದಳು ಉಮ್ಮಾಮ ಕೊನೆಗೆ. “ಆ ಮಂಚ ಮದುವೆಗೆ ಅಂತ ನಾನು ಇಷ್ಟು ಬೇಗ ಮಾಡಿಸಿದೆ ಅಂದ್ಕೊಂಡ್ಯಾ? ಕೆಳಗಿನ ಎರಡು ಅರ ಏನಾದ್ವು, ಹೇಳು.”

ಬಾನುವಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಆ ಅರಗಳ ಹೆಣ್ಣುಮಕ್ಕಳು ಫ್ಲ್ಯಾಟು ಹಿಡಿದು ಹೋದದ್ದೇ ತಡ, ಮನೆಯ ಯಜಮಾನಿಕೆ ನೋಡುವ ಬಾನುವಿನ ಅಣ್ಣ ಕೋಯಾಮೋನ್ ಅಲ್ಲಿ ತನ್ನ ಕೊಬ್ಬರಿ ಚೀಲ ಒಟ್ಟಿದ್ದ. ಈಗ ಆ ಕಡೆ ಹೋದರೆ ಕಮಟು ವಾಸನೆ.

“ಮದುವೆ ಮಂಚ ಇದ್ರೆ ಅದು ಅರ. ಅದನ್ನ ಮುಟ್ಟೋಕೆ ಅವನಿಗೂ ಧೈರ್ಯ ಬರಲ್ಲ. ಹೊರಗೇ ಹೋಗದ ಹಾಗೆ ಒಳಗೆ ಕೂತು ಮಾಡಿಸಿದ್ದೆ. ನೀನು ಅದರ ಕಾಲು ತೆಗೆದು ಆಟದ ಕೋಣೆ ಮಾಡಿಟ್ಟೆ. ಇನ್ನು ಚೀಲ ಬರ್ತಾವೆ, ನೋಡ್ತಿರು.”

ಬಾನು ಮಂಚದ ಮೋಟು ಕಾಲುಗಳನ್ನು ನೋಡಿದಳು. ತಾನೇ ಮಗಳ ಕೋಣೆಯ ಬೇಲಿ ಕಿತ್ತೆನೇ? ಒಂದು ಗಳಿಗೆ ಅವಳಿಗೆ ಅಳು ಬಂತು. ಆದರೆ ಅತ್ತು ಕಾಲು ಅಂಟಿಸಲಾಗುವುದಿಲ್ಲ.

“ಚೀಲ ಬರಲಿ, ಬಾಗಿಲಿಗೆ ಅಡ್ಡ ಮಲಗ್ತೀನಿ,” ಎಂದಳು. “ಮಂಚ ಕಾಯೋಕೆ ಮಗೂನ ನೆಲಕ್ಕೆ ಹಾಕಲ್ಲ. ನೀವು ನನ್ನ ಜೊತೆ ಮಾತು ಬಿಟ್ರೂ ಹಾಕಲ್ಲ.”

ಉಮ್ಮಾಮ ನಿಜವಾಗಿಯೂ ಮಾತು ಬಿಟ್ಟಳು. ಆದರೆ ಕಾಲು ಕೇಳಬೇಕಲ್ಲ! ಬಾನು ಇಲ್ಲದ ಹೊತ್ತು ನೋಡಿ ಮತ್ತೆ ಮಹಡಿ ಹತ್ತಿದಳು. ಹೆನ್ನ ಅವಳನ್ನು ಕೈಹಿಡಿದು ಮಂಚದ ಮೇಲೆ ಕೂರಿಸಿದಳು. ಮಂಡಿನೋವಿನ ಮುದುಕಿ ತಾನು ಮಾಡಿಸಿದ ಮಂಚದ ಮೇಲೆ ಕೂತದ್ದು ಅದೇ ಮೊದಲು.

“ಈ ತೂತು ಈಗಿಂದು ಉಮ್ಮಾಮಾ. ಇದು ಹೈಸ್ಕೂಲಿಗೆ. ಇದು ಕಾಲೇಜಿಗೆ,” ಎಂದು ಹೆನ್ನ ಬೆರಳಿಟ್ಟು ತೋರಿಸಿದಳು.

“ಅದರ ಮೇಲಿಂದು?”

“ಅದು ಯಾವುದಕ್ಕೋ, ಉಮ್ಮಂಗೂ ಗೊತ್ತಿಲ್ಲ. ನಾನು ಎಷ್ಟು ಬೆಳೀತೀನೋ ಯಾರಿಗೆ ಗೊತ್ತು, ಇರ್ಲಿ ಅಂತ ಕೊರೆದಳು.”

ಉಮ್ಮಾಮ ಆ ತೂತುಗಳನ್ನು ಬಹಳ ಹೊತ್ತು ನೋಡಿದಳು. ಮಂಚದ ಕೆಳಗಿದ್ದ ಗಂಟನ್ನೂ ಬಿಚ್ಚಿ ನೋಡಿ, ಮತ್ತೆ ಹಾಗೆಯೇ ಕಟ್ಟಿಟ್ಟಳು.

ಶುಕ್ರವಾರ ಜುಮಾ ನಮಾಜು ಮುಗಿಸಿ ಕೋಯಾಮೋನ್ ಬಂದ. ಕೈಯಲ್ಲಿ ಅಳತೆಯ ಟೇಪು. ಬಾನು ಮೆಟ್ಟಿಲಿನ ತಲೆಯಲ್ಲೇ ಅಡ್ಡ ನಿಂತಳು.

“ಮಂಚದ ಕಾಲು ಹಾರಿಸಿದ್ಯಂತೆ?” ಎಂದ ಅವನು. “ಒಳ್ಳೇದೇ ಆಯ್ತು ಬಿಡು. ಆಟ ಕೆಳಗೂ ಆಡಬಹುದು. ಮೇಲೆ ಗಾಳಿ ಚೆನ್ನಾಗಿದೆ, ಕೊಬ್ಬರಿ ಕೆಡಲ್ಲ.”

“ಕಾಕಾ,” ಎಂದು ಬಾನು ಅಣ್ಣನನ್ನು ತಡೆದಳು, “ಅದು ಹೆನ್ನಳ ಕೋಣೆ.”

“ಕೋಣೆ ಅಂತ ನೀನೇ ಅಂದೆ. ಅರ ಅನ್ನಲಿಲ್ಲ,” ಎಂದು ಅವನು ಅವಳನ್ನು ಸರಿಸಿ ಮುಂದೆ ಹೋದ.

“ಕೋಯಾ, ನಿಲ್ಲು!”

ಉಮ್ಮಾಮ ಪಕ್ಕದ ಕೋಣೆಯಿಂದ ಹೊರಬಂದಿದ್ದಳು. ಮಂಡಿ ಹಿಡಿದುಕೊಂಡೇ ಬಂದು ಮಗನ ಮುಂದೆ ನಿಂತಳು.

“ನಿನ್ನ ಹೆಂಡ್ತಿ ಅರಕ್ಕೆ ಹೀಗೇ ನುಗ್ತೀಯಾ? ಅವರಮ್ಮ ನಿನ್ನ ಕಾಲು ಮುರೀತಿದ್ಲು.”

“ಅದು ಅರ ಉಮ್ಮಾ. ಇದು…”

“ಇದೂ ಅರಾನೇ. ಕಾಲು ಗಿಡ್ಡ ಆದ್ರೆ ಮಂಚ ಅಲ್ವಾ? ಹಾಗಾದ್ರೆ ಹೆನ್ನ ಹೆಣ್ಣಲ್ವಾ? ಗಂಟಲು ಸರಿಮಾಡ್ಕೊಂಡು ಕೇಳು. ಒಳಗಿರೋಳು ಬಾ ಅಂದ್ರೆ ಹೋಗು.”

ಕೋಯಾಮೋನ್ ತಂಗಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. ಹಣೆಯ ಬೆವರು ಒರೆಸಿಕೊಂಡ. ಪೇಟೆಯಲ್ಲಿ ಕಂಡರೆ ನಾಲ್ಕು ಜನ ಎದ್ದು ನಿಲ್ಲುವ ಗಂಡಸು ಮುಚ್ಚಿದ ಬಾಗಿಲಿನ ಮುಂದೆ ಕೆಮ್ಮಿ, ಮಗಳೇ ಎಂದು ಕರೆದ.

“ಮೋಳೇ, ಒಳಗೆ ಬರಬಹುದಾ?”

ಒಳಗಿನಿಂದ ಸೀಮೆಸುಣ್ಣದ ಸದ್ದು ನಿಂತಿತು.

“ಈಗ ಆಗಲ್ಲ ಅಮ್ಮೋನೇ,” ಎಂದಳು ಹೆನ್ನ ಸೋದರಮಾವನಿಗೆ. “ಲೆಕ್ಕ ಮಾಡ್ತಿದ್ದೀನಿ.”

ಸೀಮೆಸುಣ್ಣ ಮತ್ತೆ ಗೋಡೆಯ ಮೇಲೆ ಓಡತೊಡಗಿತು.

“ಕೇಳಿಸ್ತಲ್ಲ?” ಎಂದಳು ಉಮ್ಮಾಮ. “ಅರದವಳು ಆಗಲ್ಲ ಅಂದಳು. ಇಳಿ.”

ಅವನು ಟೇಪನ್ನು ಜೇಬಿಗೆ ಹಾಕಿಕೊಂಡು ಇಳಿದುಹೋದ. ಬಾನು ತಾಯಿಯ ಕೈ ಹಿಡಿಯಲು ಬಂದಳು. ಮಾತು ಬಿಟ್ಟದ್ದು ನೆನಪಾಯಿತೇನೋ, ಉಮ್ಮಾಮ ಕೈ ಬಿಡಿಸಿಕೊಂಡು ಬಾಗಿಲ ಕಡೆ ತಿರುಗಿದಳು. ತಳ್ಳಲು ಚಾಚಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದಳು. ಗಂಟಲು ಸರಿಮಾಡಿಕೊಂಡಳು.

“ಮೋಳೇ,” ಎಂದಳು, “ನಾನು ಬರಲಾ?”